ಮರಳಲ್ಲಿ ಮಲಗಿದ್ದ ಬಿದಿರು

ಬಿದಿರಿಗೆ ಕುಟ್ಟೆ ಹುಳ ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ನಾನು ಕಲಿತದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ. ಕಲಿಸಿದವರು ದೊಡ್ಡಪ್ಪ. ಹುಣ್ಣಿಮೆ ಹತ್ತಿರ ಬಿದಿರು ಕಡಿಯಬಾರದು, ಅಮಾವಾಸ್ಯೆ ಹತ್ತಿರ ಬಂದಾಗ ಕಡಿಯಬೇಕು. ಎಳೆಯದು ಬೇಡ, ಬಲಿತದ್ದೇ ಆಗಬೇಕು. ಕಡಿದ ಗಳವನ್ನು ಹಾಗೇ ಕೊಟ್ಟಿಗೆಯ ಮಾಡಿಗೆ ಏರಿಸಬಾರದು. ಹಳ್ಳಕ್ಕೆ ಹಾಕಿ, ಮೇಲೆ ಕಲ್ಲು ಹೇರಿ, ನೀರಲ್ಲಿ ಮುಳುಗಿಸಿ ಬಿಡಬೇಕು. ಒಂದೆರಡು ದಿನ ಅಲ್ಲ, ವಾರಗಟ್ಟಲೆ. ಮೇಲೆತ್ತುವಾಗ ಕೊಳೆತ ವಾಸನೆ ಬರುತ್ತಿತ್ತು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. "ಈ ವಾಸನೆ ಬಂದ್ರೇನೇ ಗಳ ಗಟ್ಟಿ" ಅಂತ ದೊಡ್ಡಪ್ಪ ಹೇಳುತ್ತಿದ್ದರು.

ಮೂವತ್ತು ವರ್ಷ ಆದ ಮೇಲೆ ಹೆಚ್ಚು ಕಡಿಮೆ ಇದೇ ಮಾತನ್ನು ನಾನು ಇನ್ನೊಮ್ಮೆ ಕೇಳಿದೆ. ಹೇಳಿದವಳು ಫಿಲಿಪ್ಪೀನ್ಸ್‌ನ ಒಬ್ಬ ಹುಡುಗಿ. ನಾವಿಬ್ಬರೂ ಒಂದು ಹಳೆಯ ಚರ್ಚಿನ ಒಳಗೆ ನಿಂತಿದ್ದೆವು. ಅವಳು ಹೇಳುತ್ತಿದ್ದದ್ದು ಮಾಡಿನ ಗಳದ ಕಥೆ ಅಲ್ಲ, ಚರ್ಚಿನಲ್ಲಿ ನುಡಿಸುವ ಆರ್ಗನ್ ಎಂಬ ವಾದ್ಯದ ಕಥೆ. ಆದರೂ ನನಗೆ ಹಳ್ಳದ ಆ ವಾಸನೆ ಮೂಗಿಗೆ ಬಂದ ಹಾಗಾಯಿತು.

ಗಂಡನ ಕೆಲಸದ ಸಲುವಾಗಿ ನಾವು ಮನಿಲಾಕ್ಕೆ ಬಂದು ಎರಡು ವರ್ಷವಾಗುತ್ತಾ ಬಂತು. ನಮ್ಮ ಮನೆ ಮಕಾಟಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ. ಅಲ್ಲಿಂದ ದಕ್ಷಿಣಕ್ಕೆ ಲಾಸ್ ಪಿನ್ಯಾಸ್. ನಕ್ಷೆಯಲ್ಲಿ ನೋಡಿದರೆ ಹತ್ತಿರ, ಹೊರಟರೆ ಟ್ರಾಫಿಕ್‌ನಲ್ಲಿ ಅರ್ಧ ದಿನವೇ ಹೋಗಬಹುದು. ಈಗ ಅದು ಮನಿಲಾ ಮಹಾನಗರದ ಒಂದು ಭಾಗ. ಹಿಂದೆ ಮೀನು ಹಿಡಿಯುವವರ, ಉಪ್ಪು ತೆಗೆಯುವವರ ಹಳ್ಳಿ. ಅಲ್ಲಿ ಬಿದಿರಿನ ಆರ್ಗನ್ ಇದೆ ಅಂತ ಪಕ್ಕದ ಮನೆಯವರು ಹೇಳಿದಾಗ ನಾನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಬಿದಿರಿನಿಂದ ಮಾಡಿದ ಚಿಕ್ಕ ವಾದ್ಯ ಏನೋ ಇರಬೇಕು, ಕೈಯಲ್ಲಿ ಹಿಡಿಯುವಂಥದ್ದು ಅಂದುಕೊಂಡಿದ್ದೆ.

ಸಂತ ಜೋಸೆಫರ ಚರ್ಚು ದಪ್ಪ ಕಲ್ಲುಗೋಡೆಯ ಕಟ್ಟಡ. ಹೊರಗೆ ಬಿಸಿಲು, ಹಾರ್ನ್, ಹೊಗೆ. ಒಳಗೆ ಕಾಲಿಟ್ಟರೆ ತಂಪು. ನಡುದಾರಿಯಲ್ಲಿ ಮುಂದೆ ಹೋಗಿ ಹಿಂತಿರುಗಿ ನೋಡಿದೆ. ಬಾಗಿಲ ಮೇಲಿನ ಅಟ್ಟಣಿಗೆಯ ತುಂಬ ಬಿದಿರು ನಿಂತಿತ್ತು.

ಎಲ್ಲವೂ ಬಿದಿರು. ಉದ್ದದ್ದು, ಗಿಡ್ಡದ್ದು, ತೋಳಿನಷ್ಟು ದಪ್ಪದ್ದು, ಬೆರಳಿನಷ್ಟು ಸಣ್ಣದ್ದು. ಗೆಣ್ಣುಗಳು ಕೂಡ ಹಾಗೇ ಕಾಣುತ್ತವೆ. ಹಳೆಯ ಮನೆಯ ಜಂತಿಗೆ ವರ್ಷಗಟ್ಟಲೆ ಹೊಗೆ ಹಿಡಿದು ಬರುತ್ತದಲ್ಲ, ಆ ಕಂದು ಬಣ್ಣ. ಅವುಗಳ ನಡುವಿನಿಂದ ಒಂದಿಷ್ಟು ಲೋಹದ ತುತ್ತೂರಿಗಳು ಅಡ್ಡಡ್ಡವಾಗಿ ಮುಂದಕ್ಕೆ ಚಾಚಿವೆ. ಚರ್ಚಿನ ಆರ್ಗನ್ ಅಂದರೆ ಬೆಳ್ಳಿಯ ಹಾಗೆ ಹೊಳೆಯುವ ಕೊಳವೆಗಳ ಸಾಲು ಅಂತ ನನ್ನ ತಲೆಯಲ್ಲಿತ್ತು. ಇಲ್ಲಿ ನೋಡಿದರೆ ನಮ್ಮ ಗದ್ದೆ ಪಕ್ಕದ ಮೆಳೆಯೇ ಎದ್ದು ಬಂದು ಚರ್ಚಿನಲ್ಲಿ ಶಿಸ್ತಾಗಿ ಸಾಲು ನಿಂತ ಹಾಗಿತ್ತು. ಒಟ್ಟು 1031 ಕೊಳವೆ. ಅದರಲ್ಲಿ 902 ಬಿದಿರಿನವು. ಉಳಿದ 129 ಲೋಹದವು.

ಇದನ್ನು ಕಟ್ಟಿದವರು ದಿಯೆಗೊ ಸೆರಾ ಎಂಬ ಸ್ಪೇನಿನ ಪಾದ್ರಿ. 1762ರಲ್ಲಿ ಸ್ಪೇನಿನ ಗ್ರಾವುಸ್ ಎಂಬ ಊರಿನಲ್ಲಿ ಹುಟ್ಟಿದವರು. 1795ರಲ್ಲಿ ಲಾಸ್ ಪಿನ್ಯಾಸ್‌ಗೆ ಮೊದಲ ಪಾದ್ರಿಯಾಗಿ ಬಂದರು. ಬಂದಾಗ ಸರಿಯಾದ ಚರ್ಚೂ ಇರಲಿಲ್ಲ. 1797ರಲ್ಲಿ ಕಲ್ಲಿನ ಚರ್ಚು ಕಟ್ಟಲು ಶುರು ಮಾಡಿದರು. ಅದು ಮುಗಿದದ್ದು 1819ರಲ್ಲಿ. ಅಂದರೆ ಇಪ್ಪತ್ತೆರಡು ವರ್ಷ. ಬಡ ಊರು, ನಿಧಾನದ ಕೆಲಸ. ಚರ್ಚು ಇನ್ನೂ ಮುಗಿಯುವ ಮೊದಲೇ, 1816ರಲ್ಲಿ, ಅವರು ಆರ್ಗನ್ ಕೆಲಸಕ್ಕೂ ಕೈ ಹಾಕಿದರು.

ಮೊದಲು ಮಾಡಿದ ಕೆಲಸ ಬಿದಿರು ಕಡಿಸಿದ್ದು. ಕಡಿಸಿ, ಕಡಲ ದಂಡೆಯ ಮರಳಲ್ಲಿ ಹೂಳಿಸಿದರು. ಒಂದು ವರ್ಷದ ಮಟ್ಟಿಗೆ ಅದನ್ನು ಅಲ್ಲೇ ಬಿಟ್ಟರು.

ಆ ಹುಡುಗಿ ಈ ಮಾತು ಹೇಳಿದಾಗ ನಾನು ನಡುವೆ ಬಾಯಿ ಹಾಕಿ, "ಹುಳ ಹಿಡೀಬಾರದು ಅಂತ ತಾನೇ?" ಅಂದೆ. ಅವಳಿಗೆ ಆಶ್ಚರ್ಯ. ನಿಮಗೆ ಹೇಗೆ ಗೊತ್ತು ಅಂದಳು. ನಮ್ಮ ಹಳ್ಳದ ಕಥೆ ಹೇಳಿದೆ. ಅವಳ ಅಜ್ಜನ ಮನೆಯಲ್ಲೂ ಬಿದಿರನ್ನು ನೀರಲ್ಲಿ ನೆನೆಹಾಕುತ್ತಿದ್ದರಂತೆ. ಬಿದಿರಿಗೆ ಅವರ ಭಾಷೆಯಲ್ಲಿ 'ಕವಾಯನ್' ಅಂತಾರೆ. ಇಬ್ಬರೂ ಸ್ವಲ್ಪ ಹೊತ್ತು ಆರ್ಗನ್ ಬಿಟ್ಟು ಬಿದಿರಿನ ಬಗ್ಗೆಯೇ ಮಾತಾಡಿದೆವು. ಕಳಲೆ ಪಲ್ಯದ ತನಕ ಹೋಯಿತು ಮಾತು.

ಇದರ ಹಿಂದಿನ ಕಾರಣ ಸರಳ. ಬಿದಿರಿನ ಒಳಗೆ ಪಿಷ್ಟ ಇರುತ್ತದೆ. ಕುಟ್ಟೆ ಹುಳಕ್ಕೆ ಬೇಕಾದದ್ದು ಆ ಪಿಷ್ಟ. ನೀರಲ್ಲೋ ಒದ್ದೆ ಮರಳಲ್ಲೋ ಬಹಳ ದಿನ ಇಟ್ಟರೆ ಪಿಷ್ಟ ಹುಳಿಯಾಗಿ ಕರಗಿ ಹೋಗುತ್ತದೆ. ಆಮೇಲೆ ಹುಳಕ್ಕೆ ಅಲ್ಲಿ ಊಟವಿಲ್ಲ. ಇದನ್ನು ಮಲೆನಾಡಿನವರು ಹಳ್ಳದ ದಂಡೆಯಲ್ಲಿ ಕಂಡುಕೊಂಡರು, ಇಲ್ಲಿನವರು ಕಡಲ ದಂಡೆಯಲ್ಲಿ. ಆ ಪಾದ್ರಿ ತಾನು ತಂದ ಯುರೋಪಿನ ವಿದ್ಯೆಯನ್ನು ಈ ನೆಲದ ತಿಳಿವಳಿಕೆಯ ಮೇಲೆ ಕಟ್ಟಿದರು. ನನಗೆ ಅವರ ಮೇಲೆ ಗೌರವ ಬಂದದ್ದು ಈ ಒಂದು ವರ್ಷದ ಕಾಯುವಿಕೆಯಿಂದ. ಆ ವರ್ಷ ಪೂರ್ತಿ ಜನರಿಗೆ ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಮರಳಿನ ಒಂದು ದಿಬ್ಬ, ಅಷ್ಟೇ. ಅಗೆದು ತೆಗೆದಾಗ ಗಟ್ಟಿಯಾಗಿ ಉಳಿದದ್ದನ್ನು ಮಾತ್ರ ಆರಿಸಿಕೊಂಡರು.

ಈಗ ಆರ್ಗನ್ ಹೇಗೆ ಹಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ನನಗೆ ಇದು ಅರ್ಥವಾದದ್ದು ಕೊಳಲು ಮತ್ತು ಹಾರ್ಮೋನಿಯಂ ಎರಡನ್ನೂ ಒಟ್ಟಿಗೆ ನೆನೆಸಿಕೊಂಡಾಗ.

ಕೊಳಲಿನಲ್ಲಿ ಒಂದೇ ಬಿದಿರು, ಅದಕ್ಕೆ ಹಲವು ತೂತು. ಬೆರಳು ತೆಗೆದು ಮುಚ್ಚಿ ಅದೇ ಬಿದಿರಿನಿಂದ ಎಲ್ಲ ಸ್ವರ ಹೊರಡಿಸುತ್ತಾರೆ. ಆರ್ಗನ್‌ನಲ್ಲಿ ಒಂದು ಕೊಳವೆಗೆ ಒಂದೇ ಸ್ವರ. ಬದುಕಿಡೀ ಅದು ಆ ಒಂದೇ ಸ್ವರ ಹೇಳುತ್ತದೆ. ಅದಕ್ಕೇ ಅಷ್ಟೊಂದು ಕೊಳವೆ ಬೇಕು. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗು. ಒಂದು ಕೊಳವೆ ಸಾ ಅಂದರೆ, ಅದರ ಅರ್ಧ ಉದ್ದದ್ದು ಮೇಲಿನ ಸಾ ಅನ್ನುತ್ತದೆ. ಕೆಳಗೆ ತಿದಿ ಗಾಳಿ ತುಂಬುತ್ತದೆ. ಆ ಗಾಳಿ ಒಂದು ಮರದ ಪೆಟ್ಟಿಗೆಯಲ್ಲಿ ಕಾದು ಕೂತಿರುತ್ತದೆ. ಹಾರ್ಮೋನಿಯಂನಲ್ಲಿ ಇದ್ದ ಹಾಗೇ ಮುಂದೆ ಮನೆಗಳು. ಒಂದು ಮನೆ ಒತ್ತಿದರೆ ಪೆಟ್ಟಿಗೆಯೊಳಗೆ ಒಂದು ಪುಟ್ಟ ಬಾಗಿಲು ತೆರೆಯುತ್ತದೆ, ಗಾಳಿ ಕೊಳವೆಗೆ ಏರುತ್ತದೆ. ಕೊಳವೆಯ ಬುಡದಲ್ಲಿ ಸೀಟಿಗೆ ಇರುವಂಥ ಬಾಯಿ. ಗಾಳಿ ಆ ಬಾಯಿಯ ಅಂಚಿಗೆ ತಾಗಿ ಸೀಳುತ್ತದೆ, ಸ್ವರ ಹುಟ್ಟುತ್ತದೆ. ಕೊಳಲಿನಲ್ಲಿ ತುಟಿ ಮಾಡುವ ಕೆಲಸ ಇದು.

ಹಾರ್ಮೋನಿಯಂ ಮುಂಭಾಗದಲ್ಲಿ ಎಳೆಯುವ ಗುಂಡಿಗಳಿರುತ್ತವಲ್ಲ, ಸ್ಟಾಪ್ ಅಂತಾರೆ. ಅವೂ ಆರ್ಗನ್‌ನಿಂದ ಬಂದವೇ. ಯಾವ ಸಾಲಿನ ಕೊಳವೆಗಳು ಹಾಡಬೇಕು ಅಂತ ಅವು ಹೇಳುತ್ತವೆ. ಒಂದು ಸಾಲು ಮೆತ್ತಗೆ, ಇನ್ನೊಂದು ಸಾಲು ಚೂಪಾಗಿ. ಸ್ಪೇನಿನ ಪದ್ಧತಿಯ ಆರ್ಗನ್‌ಗಳಲ್ಲಿ ಇನ್ನೊಂದು ಚೆಂದದ ಏರ್ಪಾಡು ಇದೆ, ಅದು ಇಲ್ಲೂ ಇದೆ. ಮನೆಗಳ ಸಾಲನ್ನು ನಡುವೆ ಎರಡು ಭಾಗ ಮಾಡಿರುತ್ತಾರೆ. ಎಡಗೈಗೆ ಒಂದು ಬಗೆಯ ದನಿ, ಬಲಗೈಗೆ ಬೇರೆ ಬಗೆಯ ದನಿ ಇಟ್ಟುಕೊಳ್ಳಬಹುದು. ಒಬ್ಬರೇ ಕೂತು ನುಡಿಸಿದರೂ ಒಬ್ಬರು ಹಾಡಿ ಇನ್ನೊಬ್ಬರು ಜೊತೆ ಕೊಟ್ಟ ಹಾಗೆ ಕೇಳಿಸುತ್ತದೆ.

ಹಾರ್ಮೋನಿಯಂಗೂ ಇದಕ್ಕೂ ನೆಂಟಸ್ತಿಕೆ ನಿಜವಾಗಿಯೂ ಇದೆ. 1842ರಲ್ಲಿ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡರ್ ದೆಬೆಂ ಎಂಬುವರು ಹಾರ್ಮೋನಿಯಂಗೆ ಪೇಟೆಂಟ್ ತೆಗೆದುಕೊಂಡರು. ದೊಡ್ಡ ಆರ್ಗನ್ ಇಡಲು ಜಾಗವೂ ದುಡ್ಡೂ ಇಲ್ಲದ ಚಿಕ್ಕ ಚರ್ಚುಗಳು ಅದನ್ನು ತಂದುಕೊಂಡವು. ಅದು ಕಾಲಿನಿಂದ ತಿದಿ ಒತ್ತುವ, ಕುರ್ಚಿ ಹಾಕಿ ಕೂರುವ ವಾದ್ಯ. 1875ರಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವ ಹಾಗೆ ಮಾಡಿದರು. ಅಲ್ಲಿಂದ ಅದು ನಾಟಕ ಕಂಪನಿಗೆ, ಹರಿಕಥೆಗೆ, ನಮ್ಮೂರ ಭಜನೆಗೆ ಬಂತು. ದೊಡ್ಡಪ್ಪನ ಮಡಿಲಿಗೂ ಬಂತು. ಆರ್ಗನ್ ಎದುರು ನಿಂತಾಗ ಯಾರೋ ಹಳೆಯ ನೆಂಟರ ಮನೆಗೆ ಮೊದಲ ಸಲ ಹೋದ ಹಾಗೆ ನನಗೆ ಅನಿಸಿದ್ದು ಸುಮ್ನೆ ಅಲ್ಲ.

ಬಿದಿರಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಇದರಲ್ಲಿ ಒಂದು ಕಷ್ಟ ಇದೆ, ನಾನು ಮನೆಗೆ ಬಂದು ಯೋಚಿಸಿದಾಗ ಹೊಳೆದದ್ದು. ಕೊಳವೆಯ ಉದ್ದ ಸ್ವರವನ್ನು ನಿರ್ಧರಿಸಿದರೆ, ಅದರ ದಪ್ಪ ದನಿಯ ಗುಣವನ್ನು ನಿರ್ಧರಿಸುತ್ತದೆ. ಲೋಹದ ಕೊಳವೆ ಮಾಡುವವರಿಗೆ ಯಾವ ದಪ್ಪ ಬೇಕೋ ಆ ದಪ್ಪಕ್ಕೆ ತಗಡು ಸುತ್ತಿಕೊಂಡರಾಯಿತು. ಮರದ್ದಾದರೆ ಹಲಗೆ ಸೀಳಿ ಬೇಕಾದ ಅಳತೆಗೆ ಜೋಡಿಸಬಹುದು. ಬಿದಿರಿನಲ್ಲಿ ಅದು ಆಗುವುದಿಲ್ಲ. ಬಿದಿರು ಎಷ್ಟು ದಪ್ಪ ಬೆಳೆದಿದೆಯೋ ಅಷ್ಟೇ. ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಒಂದೇ ಮೆಳೆಯ ಎರಡು ಗಳ ಕೂಡ ಒಂದೇ ಥರ ಇರುವುದಿಲ್ಲ. ಹಾಗಾಗಿ ಪ್ರತಿ ಸ್ವರಕ್ಕೂ ಅದರದೇ ದಪ್ಪದ ಬಿದಿರನ್ನು ಹುಡುಕಬೇಕು. ಹುಡುಕಿ, ಉದ್ದದವುಗಳ ಒಳಗಿನ ಗೆಣ್ಣಿನ ಗೋಡೆ ತೆಗೆಯಬೇಕು. ಬಾಯಿ ಕೊರೆಯಬೇಕು. ಊದಿ ನೋಡಬೇಕು. ಸ್ವರ ಸ್ವಲ್ಪ ತಗ್ಗಿದ್ದರೆ ಒಂದೆರಡು ನೂಲಿನಷ್ಟು ಕತ್ತರಿಸಬಹುದು. ಜಾಸ್ತಿ ಕತ್ತರಿಸಿದರೆ ಆ ಸ್ವರಕ್ಕೆ ಆ ಬಿದಿರು ಮುಗಿಯಿತು. ಹೀಗೆ 902 ಸಲ.

ದೋಟಿಗೆ ನೆಟ್ಟಗಿನ ಒಂದು ಬಿದಿರು ಸಿಗಬೇಕು ಅಂತ ದೊಡ್ಡಪ್ಪ ಮೆಳೆಯ ಸುತ್ತ ಅರ್ಧ ದಿನ ಸುತ್ತುತ್ತಿದ್ದರು. ಅದನ್ನು ನೋಡಿ ಬೆಳೆದವಳಿಗೆ 902 ಅನ್ನುವುದು ಬರೀ ಅಂಕಿ ಅಲ್ಲ.

1821ರ ಹೊತ್ತಿಗೆ ಆರ್ಗನ್ ಹೆಚ್ಚು ಕಡಿಮೆ ಸಿದ್ಧವಾಯಿತು. ಉಳಿದದ್ದು ತುತ್ತೂರಿಗಳು ಮಾತ್ರ. ಆ ಕೊಳವೆಗಳ ರೀತಿಯೇ ಬೇರೆ. ಅವುಗಳ ಬುಡದಲ್ಲಿ ಹಿತ್ತಾಳೆಯ ಒಂದು ನಾಲಗೆ ಅದುರುತ್ತದೆ. ಆ ಅದುರಿಗೆ ಮೇಲಿನ ಕೊಳವೆ ಮೈ ಕೊಡಬೇಕು. ದನಿ ಖಡಕ್ಕಾಗಿ, ಚರ್ಚಿನ ಆ ತುದಿಗೆ ಮುಟ್ಟುವಂತೆ ಇರಬೇಕು. ಬಿದಿರಿನಿಂದ ಆ ಗುಣ ಬರುವುದಿಲ್ಲ ಅಂತ ಸೆರಾ ಅವರಿಗೆ ತಿಳಿಯಿತು. ಅವರು ಕೆಲಸ ನಿಲ್ಲಿಸಿದರು. ಕೊನೆಗೆ ತುತ್ತೂರಿಗಳನ್ನು ಲೋಹದಲ್ಲೇ ಮಾಡಿ, 1824ರಲ್ಲಿ ಆರ್ಗನ್ ಮುಗಿಸಿದರು.

ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು. ಐದು ವರ್ಷ ಬಿದಿರಿನ ಜೊತೆ ಬದುಕಿದ ಮನುಷ್ಯ. ಪೂರ್ತಿ ಬಿದಿರಿನದ್ದೇ ಆರ್ಗನ್ ಅಂತ ಹೇಳಿಕೊಳ್ಳುವ ಆಸೆ ಅವರಿಗೆ ಇರಲಿಲ್ಲ ಅಂದುಕೊಳ್ಳುವುದು ಕಷ್ಟ. ಆದರೂ ಬಿದಿರಿಗೆ ಆಗದ ಕೆಲಸವನ್ನು ಬಿದಿರಿನಿಂದ ಮಾಡಿಸಲಿಲ್ಲ. ಒಂದು ವಸ್ತುವಿನ ಮೇಲೆ ನಿಜವಾದ ಪ್ರೀತಿ ಇದ್ದವರು ಅದರ ಮಿತಿಯನ್ನೂ ಮರ್ಯಾದೆಯಿಂದ ನೋಡುತ್ತಾರೆ ಅಲ್ವಾ? ಈಗ ಆರ್ಗನ್ ಕೇಳಿದರೆ ಅವರ ತೀರ್ಮಾನ ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಬಿದಿರಿನ ದನಿ ಬೆಚ್ಚಗೆ, ಸ್ವಲ್ಪ ಉಸಿರು ಬೆರೆತ ಹಾಗೆ ಬರುತ್ತದೆ. ತುತ್ತೂರಿ ಬಂದ ಕೂಡಲೇ ಬಾಗಿಲು ತೆರೆದು ಬಿಸಿಲು ಬಿದ್ದ ಹಾಗಾಗುತ್ತದೆ. ಒಂದಿಲ್ಲದೆ ಇನ್ನೊಂದು ಇಷ್ಟು ಚೆನ್ನಾಗಿ ಕೇಳುತ್ತಿರಲಿಲ್ಲ.

ಸೆರಾ 1832ರಲ್ಲಿ ತೀರಿಕೊಂಡರು. ಆರ್ಗನ್ ಮುಗಿದ ಮೇಲೆ ಅವರು ಬದುಕಿದ್ದು ಎಂಟು ವರ್ಷ.

ಆಮೇಲಿನ ಕಥೆ ಬೇಸರದ್ದು. ಈ ದ್ವೀಪಗಳಲ್ಲಿ ಭೂಕಂಪ, ಚಂಡಮಾರುತ ಹೊಸದಲ್ಲ. 1880ರ ಸುಮಾರಿಗೆ ಭೂಕಂಪ ಬಂತು, ಅದರ ಬೆನ್ನಿಗೇ ಚಂಡಮಾರುತ. ಚರ್ಚಿನ ಮಾಡು ಹೋಯಿತು. ಮಳೆ ನೇರವಾಗಿ ಆರ್ಗನ್ ಮೇಲೆ ಸುರಿಯಿತು. ಕೊಳವೆಗಳನ್ನು ಬಿಚ್ಚಿ ಚರ್ಚಿನ ಒಂದು ಕೋಣೆಯಲ್ಲಿ ಪೇರಿಸಿಟ್ಟರು. ಅವು ಅಲ್ಲೇ ವರ್ಷಗಟ್ಟಲೆ ಉಳಿದವು. 1917ರ ಹೊತ್ತಿಗೆ, ಬೆಲ್ಜಿಯಂನಿಂದ ಬಂದ ಪಾದ್ರಿಗಳ ಕಾಲದಲ್ಲಿ, ಒಂದಿಷ್ಟನ್ನು ಸರಿ ಮಾಡಿ ನುಡಿಸುವ ಹಾಗೆ ಮಾಡಿದರು. ಪೂರ್ತಿ ಸರಿಯಾಗಲಿಲ್ಲ. ಒಂದು ಸಾಲು ಹಾಡಿದರೆ ಇನ್ನೊಂದು ಸಾಲು ಮೂಕ, ಹೀಗೆ ಇನ್ನೂ ಅರ್ಧ ಶತಮಾನ ಕಳೆಯಿತು.

ಬಿಚ್ಚಿ ಕೋಣೆಯಲ್ಲಿ ಇಟ್ಟರು ಅಂತ ಆ ಹುಡುಗಿ ಹೇಳಿದಾಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ದೊಡ್ಡಪ್ಪನ ಹಾರ್ಮೋನಿಯಂ ಅಲ್ಲಿದೆ. ದೊಡ್ಡಮ್ಮ ತೀರಿಕೊಂಡ ವರ್ಷ ದೊಡ್ಡಪ್ಪ ಅದನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದರು. ಭಜನೆಗೆ ಹೋಗುವುದೂ ನಿಂತಿತು. ಕೆಲವು ವರ್ಷ ಬಿಟ್ಟು ನಾನು ರಜೆಗೆ ಹೋದಾಗ ಇಳಿಸಿ ನೋಡಿದೆ. ಇಲಿ ತಿದಿಯ ತೊಗಲು ತಿಂದಿತ್ತು. ಒತ್ತಿದರೆ ಗಾಳಿ ಪಕ್ಕದಿಂದಲೇ ಹೋಗುತ್ತಿತ್ತು. ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆವು. ಅವರು ಮುಚ್ಚಳ ತೆಗೆದೂ ನೋಡಲಿಲ್ಲ. "ಇದಕ್ಕೆ ಹಾಕೋ ದುಡ್ಡಲ್ಲಿ ಹೊಸದೇ ಬರ್ತದೆ" ಅಂದರು. ದೊಡ್ಡಪ್ಪ ಏನೂ ಹೇಳದೆ ಪೆಟ್ಟಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಮನೆಗೆ ಬಂದು ಅಟ್ಟ ಹತ್ತಿ ಅಲ್ಲೇ ಇಟ್ಟು ಬಂದರು. ಆ ದಿನದ ಅವರ ಮುಖ ನನಗೆ ಈಗಲೂ ಕಾಣುತ್ತದೆ.

ಲಾಸ್ ಪಿನ್ಯಾಸ್‌ನವರ ಅದೃಷ್ಟ, ಹೊಸದು ತಗೊಳ್ಳಿ ಅಂತ ಅವರಿಗೆ ಯಾರೂ ಹೇಳುವ ಹಾಗಿರಲಿಲ್ಲ. ಇಂಥದ್ದು ಇನ್ನೊಂದು ಸಿಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಊರಿನವರು, ಪಾದ್ರಿಗಳು, ಕಲೆಯಲ್ಲಿ ಆಸಕ್ತಿ ಇದ್ದವರು ಸೇರಿ ಆರ್ಗನ್ನನ್ನು ಪೂರ್ತಿ ಸರಿ ಮಾಡಿಸಲು ಹೊರಟರು. ಕೆಲಸ ಒಪ್ಪಿಸಿದ್ದು ಜರ್ಮನಿಯ ಬಾನ್ ನಗರದ ಯೋಹಾನೆಸ್ ಕ್ಲೈಸ್ ಕಂಪನಿಗೆ. 1882ರಿಂದ ಆರ್ಗನ್ ಕಟ್ಟುತ್ತಾ ಬಂದವರು. 1973ರಲ್ಲಿ ಕೊಳವೆ, ಪೆಟ್ಟಿಗೆ ಎಲ್ಲ ಬಿಚ್ಚಿ ಕಟ್ಟಿ ಜರ್ಮನಿಗೆ ಕಳಿಸಿದರು.

ಬಾನ್‌ನಲ್ಲಿ ಎದುರಾದ ಸಮಸ್ಯೆ ಯೋಚಿಸಿ. ಇದು ಸೆಕೆಯ ನಾಡಿನ ಬಿದಿರು. ನೂರೈವತ್ತು ವರ್ಷ ಬಿಸಿ ಮತ್ತು ತೇವದ ಗಾಳಿಯಲ್ಲಿ ಇದ್ದದ್ದು. ಜರ್ಮನಿಯ ಚಳಿಗಾಲದ ಒಣ ಗಾಳಿಯಲ್ಲಿ ಇಟ್ಟರೆ ಸೀಳು ಬಿಡುತ್ತದೆ. ಅದೂ ಅಲ್ಲದೆ ಗಾಳಿ ಬಿಸಿಯಾದರೆ ಕೊಳವೆಯ ಸ್ವರ ಏರುತ್ತದೆ, ತಂಪಾದರೆ ಇಳಿಯುತ್ತದೆ. ಅಲ್ಲಿನ ಚಳಿಯಲ್ಲಿ ಶ್ರುತಿ ಮಾಡಿದ್ದು ಇಲ್ಲಿಗೆ ಬಂದ ಮೇಲೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಕ್ಲೈಸ್‌ನವರು ಒಂದು ಕೋಣೆಯನ್ನೇ ಬೇರೆ ಮಾಡಿದರು. ಒಳಗೆ ಫಿಲಿಪ್ಪೀನ್ಸ್‌ನಷ್ಟೇ ಸೆಕೆ, ಅಷ್ಟೇ ತೇವ. ಹೊರಗೆ ಚಳಿ, ಆ ಕೋಣೆಯ ಒಳಗೆ ಮಾತ್ರ ಮನಿಲಾ. ಬಿದಿರಿಗೆ ತಾನು ಊರು ಬಿಟ್ಟು ಬಂದಿದ್ದೇನೆ ಅಂತ ಗೊತ್ತಾಗದ ಹಾಗೆ ನೋಡಿಕೊಂಡರು. ಪರದೇಶದಲ್ಲಿ ಮನೆ ಮಾಡಿಕೊಂಡವಳಿಗೆ ಈ ಕೋಣೆಯ ಕಥೆ ಕೇಳಿ ಕಣ್ಣು ಒದ್ದೆಯಾಯಿತು.

ಆ ಹೊತ್ತಿಗೆ ಇಲ್ಲಿ ಚರ್ಚನ್ನೂ ಹಳೆಯ ರೂಪಕ್ಕೆ ತರುವ ಕೆಲಸ ನಡೆಯುತ್ತಿತ್ತು. ಆ ಕೆಲಸದಲ್ಲಿದ್ದ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಮನ್ಯೋಸಾ. 1975ರ ಮಾರ್ಚ್‌ನಲ್ಲಿ ಆರ್ಗನ್ ವಾಪಸ್ ಬಂತು. ಜನ ಬೀದಿಗಿಳಿದು ಮೆರವಣಿಗೆಯಲ್ಲಿ ಕರೆದುಕೊಂಡು ಬಂದರು. ಮೇ 9ರಂದು ಮೊದಲ ಕಛೇರಿ. ಮರುವರ್ಷದಿಂದ, ಅಂದರೆ 1976ರಿಂದ, ಬಿದಿರಿನ ಆರ್ಗನ್ ಹಬ್ಬ ಶುರುವಾಯಿತು. ಬೇರೆ ಬೇರೆ ದೇಶಗಳಿಂದ ಬಂದು ನುಡಿಸುತ್ತಾರೆ. 2003ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಅಂತ ಘೋಷಿಸಿತು.

ಕಥೆ ಇಲ್ಲಿಗೇ ನಿಂತಿದ್ದರೂ ನನಗೆ ಸಂತೋಷವೇ. ಆದರೆ ಒಂದು ಚುಕ್ಕೆ ಕೊರತೆ ಉಳಿಯುತ್ತಿತ್ತು. ಇನ್ನೊಮ್ಮೆ ಕೆಟ್ಟರೆ ಇನ್ನೊಮ್ಮೆ ಜರ್ಮನಿಗೇ ಹೋಗಬೇಕು. ಹಾಗಾಗಲಿಲ್ಲ. ಆರ್ಗನ್ ತಿರುಗಿ ಬಂದದ್ದು ಊರಿನ ಮಕ್ಕಳ ಕಿವಿಗೆ ಬಿತ್ತು. ಲಾಸ್ ಪಿನ್ಯಾಸ್‌ನಲ್ಲಿ ಹುಡುಗರ ಒಂದು ಗಾಯನ ತಂಡವಿದೆ. ಆರ್ಮಾಂಡೊ ಸಾಲಾರ್ಸಾ ಈ ಊರಿನಲ್ಲೇ ಆರ್ಗನ್ ಹಿಡಿದು, ಆಸ್ಟ್ರಿಯಾಕ್ಕೆ ಹೋಗಿ ಓದಿ, ಇದೇ ಚರ್ಚಿನ ಆರ್ಗನ್ ವಾದಕರಾದರು. ಸೀಲ್ವಿನ್ ಟಾಗ್ಲೆ ಎಂಬುವರು ಯುರೋಪಿನಲ್ಲಿ ಆರ್ಗನ್ ಕಟ್ಟುವ ಕಸಬು ಕಲಿತು ಬಂದರು. 1994ರಲ್ಲಿ ಇಲ್ಲೇ ಒಂದು ಕಾರ್ಖಾನೆ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಆ ಹಳೆಯ ಪಾದ್ರಿಯದ್ದೇ, ದಿಯೆಗೊ ಸೆರಾ ಆರ್ಗನ್‌ಬಿಲ್ಡರ್ಸ್. 2003-04ರಲ್ಲಿ ಬಿದಿರಿನ ಆರ್ಗನ್‌ಗೆ ಮತ್ತೆ ದೊಡ್ಡ ರಿಪೇರಿ ಬೇಕಾದಾಗ ಅದನ್ನು ಎಲ್ಲಿಗೂ ಕಳಿಸಲಿಲ್ಲ. ಊರಿನವರೇ ಬಿಚ್ಚಿದರು, ಊರಿನವರೇ ಜೋಡಿಸಿದರು. ಈಗ ಈ ದೇಶದ ಬೇರೆ ಹಳೆಯ ಚರ್ಚುಗಳ ಆರ್ಗನ್‌ಗಳನ್ನೂ ಅವರೇ ಸರಿ ಮಾಡಿಕೊಡುತ್ತಾರೆ.

ಒಂದು ವಾದ್ಯ ಉಳಿಸುವುದು ಅಂದರೆ ಆ ವಾದ್ಯ ಒಂದನ್ನೇ ಉಳಿಸಿದರೆ ಸಾಲದು, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಊರಿನಲ್ಲಿ ಇರಬೇಕು. ನಮ್ಮ ಪೇಟೆಯಲ್ಲಿ ಆ ದಿನ ಇಲ್ಲದೆ ಹೋದದ್ದು ಅದೇ. ತಿದಿಗೆ ಹೊಸ ತೊಗಲು ಹಾಕುವ ಕೈ ಒಂದು ಸಿಕ್ಕಿದ್ದರೆ ಸಾಕಿತ್ತು.

ಅವತ್ತು ಹುಡುಗಿಯ ಮಾತು ಮುಗಿದ ಮೇಲೆ ಅಟ್ಟಣಿಗೆಯಲ್ಲಿ ಒಬ್ಬರು ಬಂದು ಕೂತರು. ನಾವು ಕೆಳಗೆ ಏಳೆಂಟು ಜನ ಇದ್ದೆವು. ಮೊದಲು ಬಿದಿರಿನ ಒಂದೇ ಸಾಲನ್ನು ತೆರೆದು ನುಡಿಸಿದರು. ಸಣ್ಣ ದನಿ. ಇಷ್ಟು ದೊಡ್ಡ ವಾದ್ಯ ಇಷ್ಟು ಮೆಲ್ಲಗೆ ಮಾತಾಡಬಲ್ಲದು ಅಂತ ಗೊತ್ತಿರಲಿಲ್ಲ. ಸಂಜೆ ಹೊತ್ತು ಗಾಳಿ ಬಿಟ್ಟಾಗ ಬಿದಿರು ಮೆಳೆಯಲ್ಲಿ ಒಡೆದ ಗಳವೊಂದು ತಾನೇ ಊದುತ್ತದಲ್ಲ, ಆ ಥರ ಶುರುವಾಗಿ ಹಾಡಾಯಿತು. ಆಮೇಲೆ ಇನ್ನೊಂದು ಸಾಲು, ಮತ್ತೊಂದು. ಕೊನೆಗೆ ತುತ್ತೂರಿ. ಕಲ್ಲುಗೋಡೆ ದನಿಯನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಟ್ಟಿತು.

ಆಮೇಲೆ ಅವರು ಒಂದು ಗುಂಡಿ ಎಳೆದರು. ಹಕ್ಕಿಗಳು ಕೂಗಿದವು. ನಾನು ನಿಜವಾಗಿಯೂ ಮಾಡಿನ ಕಡೆ ನೋಡಿದೆ, ಗುಬ್ಬಿ ಒಳಗೆ ಬಂದಿದೆಯೇನೋ ಅಂತ. ಅದೂ ಆರ್ಗನ್ನೇ. ಪುಟ್ಟ ಕೊಳವೆಗಳ ತುದಿ ನೀರಿನಲ್ಲಿ ಮುಳುಗಿರುತ್ತದೆ. ಗಾಳಿ ಬಂದಾಗ ನೀರು ಗುಳುಗುಳು ಅಂದು ಸ್ವರವನ್ನು ನಡುಗಿಸುತ್ತದೆ. ಜಾತ್ರೆಯಲ್ಲಿ ನೀರು ಹಾಕಿ ಊದುವ ಹಕ್ಕಿ ಸೀಟಿ ಮಾರುತ್ತಿದ್ದರಲ್ಲ, ಅದೇ ಲೆಕ್ಕ. ಅವರು ಇದಕ್ಕೆ 'ಪಹರೀತೋಸ್' ಅಂತಾರೆ, ಸ್ಪ್ಯಾನಿಷ್‌ನಲ್ಲಿ ಪುಟ್ಟ ಹಕ್ಕಿಗಳು ಅಂತ. ಬಿದಿರು ಇದ್ದ ಮೇಲೆ ಹಕ್ಕಿಯೂ ಬೇಕಲ್ವಾ.

ರಾತ್ರಿ ಊರಿಗೆ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ, ಕಿವಿ ಚುರುಕಾಗಿಯೇ ಇದೆ. ಚರ್ಚಿನಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ ಎರಡು ನಿಮಿಷದ ಆರ್ಗನ್ ಕೇಳಿಸಿದೆ. ಮುಗಿಯುವ ತನಕ ಮಾತಾಡಲಿಲ್ಲ.

"ಇದು ಪೂರ್ತಿ ಬಿದಿರೇನೆ?"

"ಹೂಂ ದೊಡ್ಡಪ್ಪ. ತುತ್ತೂರಿ ಥರ ಕೇಳ್ತಲ್ಲ, ಅದೊಂದು ಲೋಹದ್ದು."

"ಕುಟ್ಟೆ ಹಿಡೀಲಿಲ್ವಾ ಇಷ್ಟು ವರ್ಷ?"

"ಮರಳಲ್ಲಿ ಹೂತಿಟ್ಟಿದ್ರಂತೆ. ಒಂದು ವರ್ಷ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಒಂದು ವರ್ಷ," ಅಂತ ಅವರೇ ಇನ್ನೊಮ್ಮೆ ಹೇಳಿಕೊಂಡರು. "ನಾವು ಒಂದೂವರೆ ತಿಂಗಳಿಗೇ ಎತ್ತುತಿದ್ವಿ."

ಹಾರ್ಮೋನಿಯಂ ಇನ್ನೂ ಅಟ್ಟದಲ್ಲೇ ಇದೆಯಾ ಅಂತ ಕೇಳಿದೆ. ಇದೆ ಅಂದರು. ಮೇ ತಿಂಗಳಲ್ಲಿ ಬರ್ತೇನೆ, ಇಬ್ಬರೂ ಕೂತು ಬಿಚ್ಚೋಣ, ತಿದಿಗೆ ತೊಗಲು ಎಲ್ಲಿ ಸಿಗುತ್ತೆ ಅಂತ ವಿಚಾರಿಸಿಡಿ ಅಂದೆ. ಅವರು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಅದನ್ನ ಇನ್ನೊಂದು ಸಲ ಹಾಕು ಮಾರಾಯ್ತಿ," ಅಂದರು. "ಶ್ರುತಿ ಯಾವುದು ನೋಡ್ತೇನೆ. ಬಿಳಿ ಎರಡೋ, ಕರಿ ಎರಡೋ."

ನಾನು ಮತ್ತೆ ಹಾಕಿದೆ. ಫೋನಿನ ಆ ಕಡೆಯಿಂದ, ಬಹಳ ಸಣ್ಣಗೆ, ಅವರು ಸಾ ಹಿಡಿಯುವುದು ಕೇಳಿಸಿತು.